ರೀಸೈಜಿಂಗ್ ಡೈ ಕೊಳ್ಳುವ ಮೊದಲು ನಿಮ್ಮ ಚೇಂಬರ್ ಅಳೆಯಿರಿ

ಪ್ರಶ್ನೆ: ನನ್ನ ಹತ್ತಿರ ಒಂದು .308 ವಿಂಚೆಸ್ಟರ್ ಬೋಲ್ಟ್ ಆಕ್ಷನ್ ರೈಫಲ್ ಇದೆ. ಈಗ .223 ರೆಮಿಂಗ್ಟನ್ ಸೆಮಿ ಆಟೋಮ್ಯಾಟಿಕ್ ಕೂಡ ಬಂದಿದೆ. ಒಂದು ವರ್ಷದಿಂದ .308 ತೋಟಾಗಳನ್ನು ನಾನೇ ರೀಲೋಡ್ ಮಾಡುತ್ತಿದ್ದೇನೆ, ಅಂದರೆ ಹಾರಿಸಿದ ಹಿತ್ತಾಳೆ ಕೇಸಿಗೆ ಮತ್ತೆ ಮದ್ದು, ಗುಂಡು ತುಂಬುತ್ತಿದ್ದೇನೆ. ಹಾರಿಸಿದ ಕೇಸನ್ನು ಹಿಸುಕಿ ಮತ್ತೆ ಅಳತೆಗೆ ತರಲು ನನ್ನ ಹತ್ತಿರ ಇರುವ ಅಚ್ಚು ಸಾದಾ ಫುಲ್ ಲೆಂಗ್ತ್ ಡೈ. 'ಫುಲ್ ಲೆಂಗ್ತ್ ಮಾಡಿದರೆ ಕೇಸ್ ಬೇಗ ಹಾಳಾಗುತ್ತೆ, ಗುಂಡು ಕೂರುವ ಕತ್ತು ಮಾತ್ರ ಸೈಜ್ ಮಾಡು' ಅಂತ ಗೆಳೆಯರೊಬ್ಬರು ಹೇಳಿದರು. ಅದಕ್ಕೆ ಡೈಯನ್ನು ಅರ್ಧ ಸುತ್ತು ಮೇಲಕ್ಕೆ ತಿರುಗಿಸಿ 40 ಕೇಸ್‌ಗಳನ್ನು ಸೈಜ್ ಮಾಡಿದೆ. ಅವು ಮೂರು ಸಲ ಹಾರಿಸಿದ ಕೇಸ್‌ಗಳು. ಈಗ ಬೋಲ್ಟ್ ಮುಚ್ಚುವುದೇ ಕಷ್ಟವಾಗಿದೆ. ವಿಚಿತ್ರ ಅಂದರೆ, ಹಾರಿಸಿ ಹಾಗೇ ಇಟ್ಟ ಕೇಸ್ ರೈಫಲಿನಲ್ಲಿ ತೋಟಾ ಕೂರುವ ಚೇಂಬರಿಗೆ ಸಲೀಸಾಗಿ ಹೋಗುತ್ತದೆ, ಸೈಜ್ ಮಾಡಿದ್ದು ಹೋಗುವುದಿಲ್ಲ! ನೆಕ್ ಡೈ, ಬುಶಿಂಗ್ ಡೈ, ಬಾಡಿ ಡೈ, ಸ್ಮಾಲ್ ಬೇಸ್ ಡೈ ಅಂತ ಎಷ್ಟೊಂದು ಇವೆ. ಎರಡೂ ರೈಫಲ್‌ಗಳಿಗೆ ಯಾವುದನ್ನು ಕೊಳ್ಳಲಿ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ನಿಮ್ಮ .308ಕ್ಕೆ ಹೊಸ ಡೈ ಬೇಕಿಲ್ಲ. ಇರುವ ಡೈ ಸಾಕು. ನಿಮ್ಮ ಹತ್ತಿರ ಇಲ್ಲದ್ದು ಅಳತೆಯ ಒಂದು ಸಣ್ಣ ಸಾಧನ. ಅದನ್ನು ಮೊದಲು ಕೊಂಡುಕೊಳ್ಳಿ. ಡೈ ವಿಚಾರ ಆಮೇಲೆ ನೋಡೋಣ.

ನಿಮ್ಮ 40 ಕೇಸ್‌ಗಳಿಗೆ ಆದದ್ದು ಬಹಳ ಜನರಿಗೆ ಆಗುತ್ತದೆ. ಅದು ಯಾಕೆ ಆಯಿತು ಅಂತ ಅರ್ಥವಾದರೆ ಡೈ ಆರಿಸುವ ವಿಷಯದಲ್ಲಿ ಮುಕ್ಕಾಲು ಪಾಲು ಅರ್ಥವಾದಂತೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಗುಂಡು ಹಾರಿಸಿದಾಗ ಕೇಸ್ ಒಳಗೆ ಭಾರೀ ಒತ್ತಡ ಏಳುತ್ತದೆ. .308ಕ್ಕೆ ತೋಟಾ, ಚೇಂಬರುಗಳ ಅಳತೆ ನಿಗದಿ ಮಾಡುವ ಅಮೆರಿಕದ ಸಾಮಿ ಸಂಸ್ಥೆ ಹಾಕಿರುವ ಮಿತಿಯೇ ಚದರ ಇಂಚಿಗೆ 62,000 ಪೌಂಡ್. ಆ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಗೆ ಅಂಟಿಕೊಳ್ಳುತ್ತದೆ. ಒತ್ತಡ ಇಳಿದ ಕೂಡಲೇ ಒಂದಿಷ್ಟು ಹಿಂದಕ್ಕೆ ಕುಗ್ಗುತ್ತದೆ. ಹಾಗೆ ಕುಗ್ಗುವುದರಿಂದಲೇ ಬೋಲ್ಟ್ ತೆರೆದು ಖಾಲಿ ಕೇಸ್ ಹೊರಗೆ ತೆಗೆಯಲು ಆಗುವುದು. ಅಂದರೆ ಹಾರಿಸಿದ ಕೇಸ್ ನಿಮ್ಮ ಚೇಂಬರಿನ ಅಚ್ಚು ಇದ್ದ ಹಾಗೆ, ಸ್ವಲ್ಪವೇ ಸಣ್ಣದು. ಅದಕ್ಕೇ ಅದು ಸಲೀಸಾಗಿ ವಾಪಸ್ ಹೋಗುತ್ತದೆ.

ಈಗ ಅದೇ ಕೇಸನ್ನು ಫುಲ್ ಲೆಂಗ್ತ್ ಡೈ ಒಳಗೆ ಒತ್ತುತ್ತೀರಿ. ಡೈ ಮೊದಲು ಹಿಡಿಯುವುದು ಕೇಸಿನ ಮೈಯನ್ನು. ಸುತ್ತಲಿಂದ ಹಿಸುಕಿದಾಗ ಹಿತ್ತಾಳೆ ಎಲ್ಲಿಗಾದರೂ ಹೋಗಲೇಬೇಕಲ್ವಾ? ಅದು ಮುಂದಕ್ಕೆ ಹೋಗುತ್ತದೆ. ಅಂದರೆ ಮೈ ಸಣ್ಣದಾಗುತ್ತಾ ಭುಜ, ಶೋಲ್ಡರ್ ಅನ್ನುತ್ತೇವಲ್ಲ ಆ ಇಳಿಜಾರು ಭಾಗ, ಮುಂದಕ್ಕೆ ಸರಿಯುತ್ತದೆ. ಕೇಸ್ ಪೂರ್ತಿ ಒಳಗೆ ಹೋದಾಗ ಡೈಯ ಭುಜ ಬಂದು ಅದನ್ನು ಹಿಂದಕ್ಕೆ ತಳ್ಳುತ್ತದೆ. ಮೊದಲು ಮುಂದಕ್ಕೆ, ಆಮೇಲೆ ಹಿಂದಕ್ಕೆ. ನೀವು ಡೈಯನ್ನು ಮೇಲಕ್ಕೆ ಎತ್ತಿದ್ದರಿಂದ ಎರಡನೇ ಕೆಲಸ ಆಗಲೇ ಇಲ್ಲ. ಮೈ ಹಿಸುಕಿತು, ಭುಜ ಮುಂದಕ್ಕೆ ಹೋಯಿತು, ಅಲ್ಲೇ ನಿಂತಿತು. ಹೀಗಾಗಿ ಸೈಜ್ ಮಾಡಿದ ಕೇಸ್, ಸೈಜ್ ಮಾಡದ ಕೇಸ್‌ಗಿಂತ ಉದ್ದವಾಯಿತು.

'ಅರ್ಧ ಸುತ್ತು ಮೇಲಿದ್ದರೆ ಮೈಗೆ ಡೈ ತಾಗುವುದೇ ಇಲ್ಲ' ಅಂತ ಎಷ್ಟೋ ಜನ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. ಡೈಯ ಹೊರಗಿನ ಥ್ರೆಡ್ ಇಂಚಿಗೆ 14 ಸುತ್ತು. ಒಂದು ಪೂರ್ತಿ ಸುತ್ತಿಗೆ ಡೈ ಸುಮಾರು 71 ಥೌ ಏರುತ್ತದೆ. ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, ಮಿಲಿಮೀಟರಿನಲ್ಲಿ 0.025. ಅರ್ಧ ಸುತ್ತಿಗೆ 36 ಥೌ. .308 ಕೇಸಿನ ಮೈ ಬುಡದ ಹತ್ತಿರ 0.4709 ಇಂಚು, ಭುಜದ ಹತ್ತಿರ 0.4539 ಇಂಚು. ಒಂದೂಕಾಲು ಇಂಚಿಗೂ ಹೆಚ್ಚು ಉದ್ದಕ್ಕೆ ಬರೀ 17 ಥೌ ಇಳಿಜಾರು. ಹಾಗಾದರೆ ಡೈ 36 ಥೌ ಮೇಲಕ್ಕೆ ಹೋದಾಗ ಮೈಯ ಅಡ್ಡಳತೆಯಲ್ಲಿ ಬರುವ ವ್ಯತ್ಯಾಸ ಅರ್ಧ ಥೌ ಕೂಡ ಇಲ್ಲ. ಮೈ ಹೆಚ್ಚುಕಡಿಮೆ ಪೂರ್ತಿಯೇ ಹಿಸುಕಿ ಹೋಗಿದೆ. ನೀವು ಮಾಡಿದ್ದು ನೆಕ್ ಸೈಜಿಂಗ್ ಅಲ್ಲ, ಅರ್ಧಕ್ಕೆ ನಿಲ್ಲಿಸಿದ ಫುಲ್ ಲೆಂಗ್ತ್ ಸೈಜಿಂಗ್.

ನಿಮ್ಮ ಗೆಳೆಯರ ಮಾತಿನಲ್ಲೂ ಒಂದು ನಿಜ ಇದೆ, ಅದನ್ನು ತಳ್ಳಿಹಾಕಬಾರದು. ಫುಲ್ ಲೆಂಗ್ತ್ ಡೈಯನ್ನು ಲೆಕ್ಕವಿಲ್ಲದೆ ಕೆಳಕ್ಕೆ ಕೂರಿಸಿದರೆ ಕೇಸ್ ನಿಜವಾಗಿಯೂ ಬೇಗ ಸಾಯುತ್ತದೆ. ಡೈ ಜೊತೆ ಬರುವ ಕಾಗದದಲ್ಲಿ ಸಾಮಾನ್ಯವಾಗಿ ಏನಿರುತ್ತದೆ? 'ಶೆಲ್ ಹೋಲ್ಡರ್‌ಗೆ ತಾಗುವ ತನಕ ಡೈ ಇಳಿಸಿ, ಮತ್ತೆ ಒಂದು ಎಂಟನೇ ಭಾಗದಿಂದ ಕಾಲು ಸುತ್ತು ಇಳಿಸಿ.' ಶೆಲ್ ಹೋಲ್ಡರ್ ಅಂದರೆ ಪ್ರೆಸ್ ಯಂತ್ರದಲ್ಲಿ ಕೇಸಿನ ಬುಡ ಹಿಡಿಯುವ ತುಂಡು. ಈ ಸೂಚನೆ ಎಲ್ಲರ ರೈಫಲ್‌ಗೂ ಹೊಂದಲಿ ಅಂತ ಬರೆದದ್ದು. .308ಕ್ಕೆ ಬೋಲ್ಟ್ ಮುಖದಿಂದ ಭುಜದ ನಿಗದಿತ ಗೆರೆವರೆಗಿನ ಚೇಂಬರ್ ಅಳತೆ 1.630 ಇಂಚಿನಿಂದ 1.640 ಇಂಚಿನವರೆಗೆ ಇರಬಹುದು ಅನ್ನುತ್ತದೆ ಸಾಮಿ. ತೋಟಾದ ಅಳತೆ 1.627ರಿಂದ 1.634. ನಿಮ್ಮ ಚೇಂಬರ್ ಉದ್ದದ ಕಡೆ ಇದ್ದು, ಡೈ ಕೇಸನ್ನು ಅತಿ ಚಿಕ್ಕದು ಮಾಡಿದರೆ ನಡುವೆ 10 ಥೌಗಿಂತ ಜಾಸ್ತಿ ಖಾಲಿ ಜಾಗ ಉಳಿಯುತ್ತದೆ.

ಆ ಖಾಲಿ ಜಾಗ ಏನು ಮಾಡುತ್ತದೆ ನೋಡಿ. ಫೈರಿಂಗ್ ಪಿನ್ ಹೊಡೆದಾಗ ಕೇಸ್ ಮುಂದಕ್ಕೆ ಹೋಗಿ ಚೇಂಬರಿನ ಭುಜಕ್ಕೆ ತಾಗುತ್ತದೆ. ಒತ್ತಡ ಏರಿದಾಗ ಕೇಸಿನ ತೆಳು ಗೋಡೆ ಚೇಂಬರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ದಪ್ಪ ಬುಡಕ್ಕೆ ಆ ಹಿಡಿತ ಇಲ್ಲ. ಅದು ಬೋಲ್ಟ್ ಮುಖ ತಾಗುವವರೆಗೆ ಹಿಂದಕ್ಕೆ ಸರಿಯುತ್ತದೆ. ಮುಂಭಾಗ ಅಲ್ಲೇ ನಿಂತು ಹಿಂಭಾಗ ಹಿಂದೆ ಹೋದರೆ ನಡುವೆ ಹಿತ್ತಾಳೆ ಹಿಗ್ಗಲೇಬೇಕು. ಬುಡದ ದಪ್ಪ ಮುಗಿದು ತೆಳು ಗೋಡೆ ಶುರುವಾಗುವ ಜಾಗದಲ್ಲೇ ಹಿಗ್ಗುತ್ತದೆ. ನೀವು ಮತ್ತೆ ಭುಜವನ್ನು ಹಿಂದಕ್ಕೆ ತಳ್ಳುತ್ತೀರಿ, ಮತ್ತೆ ಹಾರಿಸುತ್ತೀರಿ, ಮತ್ತೆ ಅದೇ ಜಾಗ ತೆಳುವಾಗುತ್ತದೆ. ಒಂದು ದಿನ ಕೇಸ್ ಅಲ್ಲೇ ಎರಡು ತುಂಡಾಗುತ್ತದೆ.

ನನಗೆ ಇದು ಆಗಿದೆ. ರೀಲೋಡಿಂಗ್ ಶುರು ಮಾಡಿದ ಹೊಸತರಲ್ಲಿ ಕಾಗದದಲ್ಲಿ ಹೇಳಿದಂತೆಯೇ ಡೈ ಕೂರಿಸಿ, ಅಳೆಯದೆ ಸೈಜ್ ಮಾಡುತ್ತಿದ್ದೆ. ಐದನೇ ಸಲವೋ ಆರನೇ ಸಲವೋ ಬೋಲ್ಟ್ ಎಳೆದಾಗ ಬರೀ ಬುಡ ಹೊರಗೆ ಬಂತು. ಉಳಿದ ಮುಕ್ಕಾಲು ಕೇಸ್ ಚೇಂಬರಿನಲ್ಲೇ ಇತ್ತು. ಕನ್ನಡಕ ಹಾಕಿದ್ದೆ, ಏನೂ ಗಾಯವಾಗಲಿಲ್ಲ. ಆದರೆ ಅವತ್ತಿನ ಕೈನಡುಕ ಇನ್ನೂ ನೆನಪಿದೆ. ಆಮೇಲೆ ಅಳೆದು ನೋಡಿದರೆ ನನ್ನ ಡೈ ಪ್ರತಿ ಸಲ ಭುಜವನ್ನು 9 ಥೌ ಹಿಂದೆ ತಳ್ಳುತ್ತಿತ್ತು. ಬೇಕಾಗಿದ್ದದ್ದು ಎರಡು.

ನೆಕ್ ಸೈಜಿಂಗ್ ಒಳ್ಳೆಯದು ಅನ್ನುವ ನಂಬಿಕೆ ಹುಟ್ಟಿದ್ದೇ ಇಲ್ಲಿ. ಕತ್ತನ್ನು ಮಾತ್ರ ಹಿಸುಕಿದರೆ ಭುಜಕ್ಕೆ ಕೈ ಹಾಕಿದಂತಾಗುವುದಿಲ್ಲ, ಖಾಲಿ ಜಾಗ ಉಳಿಯುವುದಿಲ್ಲ, ಕೇಸ್ ಹಿಗ್ಗುವುದಿಲ್ಲ. ಸರಿಯೇ. ಆದರೆ ಪ್ರತಿ ಹೊಡೆತಕ್ಕೂ ಕೇಸ್ ಸ್ವಲ್ಪ ಸ್ವಲ್ಪ ಬೆಳೆಯುತ್ತಾ ಹೋಗುತ್ತದೆ. ಹಿತ್ತಾಳೆ ಗಡುಸಾಗುತ್ತದೆ, ಕುಗ್ಗುವ ಗುಣ ಬದಲಾಗುತ್ತದೆ. ಮೂರು, ನಾಲ್ಕು ಸಲ ಆದಮೇಲೆ ಬೋಲ್ಟ್ ಬಿಗಿಯಾಗುತ್ತದೆ. ಆಗ ಭುಜವನ್ನು ಹಿಂದೆ ತಳ್ಳಲೇಬೇಕು, ಅಂದರೆ ಫುಲ್ ಲೆಂಗ್ತ್ ಡೈಗೋ, ಮೈ ಮತ್ತು ಭುಜವನ್ನು ಹಿಸುಕುವ ಬಾಡಿ ಡೈಗೋ ಹೋಗಲೇಬೇಕು. ಹೀಗೆ ಒಂದೇ ಕೇಸ್ ಒಂದು ಸಲ ಒಂದು ಅಳತೆ, ಇನ್ನೊಂದು ಸಲ ಇನ್ನೊಂದು ಅಳತೆ. ಬೆಂಚ್‌ರೆಸ್ಟ್ ಸ್ಪರ್ಧಿಗಳು, ಅಂದರೆ ಮೇಜಿನ ಮೇಲೆ ರೈಫಲ್ ಇಟ್ಟು ನಿಖರತೆಗಾಗಿ ಹಾರಿಸುವವರು, ಒಂದು ಕಾಲದಲ್ಲಿ ನೆಕ್ ಸೈಜಿಂಗನ್ನೇ ನಂಬಿದ್ದರು. ಈಗ ಅವರಲ್ಲಿ ಹೆಚ್ಚಿನವರು ಪ್ರತಿ ಸಲವೂ ಫುಲ್ ಲೆಂಗ್ತ್ ಮಾಡುತ್ತಾರೆ, ಅದೂ ತೀರಾ ಕಡಿಮೆ. ಬೋಲ್ಟ್ ಪ್ರತಿ ಸಲ ಒಂದೇ ರೀತಿ ಮುಚ್ಚಬೇಕು ಅನ್ನುವುದು ಅವರಿಗೆ ಮುಖ್ಯ. ನನಗೂ ಅದೇ ಸರಿ ಅನಿಸುತ್ತದೆ.

ಹಾಗಾಗಿ ಯಾವ ಡೈ ಅನ್ನುವುದಕ್ಕಿಂತ ಭುಜವನ್ನು ಎಷ್ಟು ಥೌ ಹಿಂದೆ ತಳ್ಳುತ್ತೀರಿ ಅನ್ನುವುದೇ ದೊಡ್ಡದು. ಬೋಲ್ಟ್ ಆಕ್ಷನ್‌ಗೆ 1ರಿಂದ 2 ಥೌ. ಸೆಮಿ ಆಟೋಗೆ 3ರಿಂದ 4. ಇಷ್ಟನ್ನು ಸಾದಾ ಡೈಯಲ್ಲೂ ಮಾಡಬಹುದು.

ಅಳೆಯುವುದು ಹೇಗೆ? ಡಿಜಿಟಲ್ ಕ್ಯಾಲಿಪರ್ ಇದ್ದೇ ಇರುತ್ತದೆ. ಅದರ ದವಡೆಗೆ ಕೂರಿಸುವ ಹೆಡ್‌ಸ್ಪೇಸ್ ಕಂಪ್ಯಾರೇಟರ್ ಬರುತ್ತದೆ. ಒಂದು ತೂತಿರುವ ಸಣ್ಣ ಬಿಲ್ಲೆ, ಅಷ್ಟೇ. .308ಕ್ಕೆ 0.400 ಇಂಚಿನ ತೂತು, .223ಕ್ಕೆ 0.330. ಆ ತೂತು ಭುಜದ ಇಳಿಜಾರಿನ ಮೇಲೆ ಕೂತು, ಬುಡದಿಂದ ಅಲ್ಲಿವರೆಗಿನ ಉದ್ದ ತೋರಿಸುತ್ತದೆ. ಅದು ತೋರಿಸುವ ಸಂಖ್ಯೆ ಪುಸ್ತಕದ ಸಂಖ್ಯೆಗೆ ಹೊಂದದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನಿಮಗೆ ಬೇಕಾದದ್ದು ಹಾರಿಸಿದ ಕೇಸಿಗೂ ಸೈಜ್ ಮಾಡಿದ ಕೇಸಿಗೂ ಇರುವ ವ್ಯತ್ಯಾಸ.

ಅಳೆಯುವ ಮುಂಚೆ ಹಳೆಯ ಪ್ರೈಮರ್, ಅಂದರೆ ಬುಡದಲ್ಲಿ ಕಿಡಿ ಹೊತ್ತಿಸುವ ಸಣ್ಣ ಬಟ್ಟಲು, ತೆಗೆಯಿರಿ. ಹಾರಿದ ಪ್ರೈಮರ್ ಒಂಚೂರು ಉಬ್ಬಿದ್ದರೂ ಅಳತೆ ಸುಳ್ಳು ಹೇಳುತ್ತದೆ. ಪ್ರೈಮರ್ ತೆಗೆಯಲು ಸೈಜಿಂಗ್ ಡೈ ಬಳಸಬೇಡಿ, ಬರೀ ಡಿಕ್ಯಾಪಿಂಗ್ ಮಾಡುವ ಡೈ ಬೇರೆ ಸಿಗುತ್ತದೆ. ಇನ್ನೊಂದು ಸೂಕ್ಷ್ಮ: ಹೊಸ ಕೇಸ್ ಒಂದೇ ಹೊಡೆತಕ್ಕೆ ಚೇಂಬರನ್ನು ಪೂರ್ತಿ ತುಂಬುವುದಿಲ್ಲ. ಎರಡು ಮೂರು ಸಲ ಹಾರಿಸಿದ ಕೇಸ್‌ಗಳಲ್ಲಿ ಐದಾರನ್ನು ಅಳೆದು, ಅವುಗಳಲ್ಲಿ ಉದ್ದದ್ದನ್ನು ಆಧಾರ ಮಾಡಿಕೊಳ್ಳಿ. ನೀವು ಸೈಜ್ ಮಾಡದೆ ಹಾಗೇ ಇಟ್ಟ ಕೇಸ್‌ಗಳು ಇದಕ್ಕೆ ಬಹಳ ಉಪಯೋಗಕ್ಕೆ ಬರುತ್ತವೆ, ಅವನ್ನು ಜೋಪಾನ ಮಾಡಿ.

ಈಗ ಡೈ ಕೂರಿಸುವುದು. ಶೆಲ್ ಹೋಲ್ಡರ್‌ಗಿಂತ ಸುಮಾರು ಕಾಲು ಸುತ್ತು ಮೇಲೆ ಇಟ್ಟು ಶುರು ಮಾಡಿ. ಕೇಸಿಗೆ ಲ್ಯೂಬ್ (ಜಾರಿಕೆಯ ಎಣ್ಣೆ) ಹಚ್ಚಿ, ಸೈಜ್ ಮಾಡಿ, ಒರೆಸಿ, ಅಳೆಯಿರಿ. ಹಾರಿಸಿದ ಕೇಸ್‌ಗಿಂತ ಉದ್ದ ಬಂದಿದ್ದರೆ ಹೆದರಬೇಡಿ. ಯಾಕೆ ಅಂತ ಈಗ ನಿಮಗೆ ಗೊತ್ತು. ಡೈಯನ್ನು ಇಷ್ಟಿಷ್ಟೇ ಇಳಿಸುತ್ತಾ ಬನ್ನಿ. ಒಂದು ಥೌ ಅಂದರೆ ಸುಮಾರು ಐದು ಡಿಗ್ರಿ ತಿರುಗುವುದು, ಗಡಿಯಾರದ ನಿಮಿಷದ ಮುಳ್ಳು ಒಂದು ನಿಮಿಷಕ್ಕೆ ಸರಿಯುವಷ್ಟೂ ಇಲ್ಲ. ಡೈ ತಲೆಯ ಮೇಲೂ ಪ್ರೆಸ್ ಮೇಲೂ ಮಾರ್ಕರ್‌ನಿಂದ ಗೆರೆ ಎಳೆದುಕೊಂಡರೆ ಸುಲಭ. ಆಧಾರದ ಅಳತೆಗಿಂತ 2 ಥೌ ಕಡಿಮೆ ಬಂದ ಕೂಡಲೇ ನಿಲ್ಲಿಸಿ. ಲಾಕ್ ರಿಂಗ್ ಬಿಗಿ ಮಾಡುವಾಗ ಒಂದು ಕೇಸ್ ಡೈ ಒಳಗೆ ಇರಲಿ, ಕೇಸನ್ನು ಮೇಲಕ್ಕೆ ಒಯ್ಯುವ ರ‍್ಯಾಮ್ ಪೂರ್ತಿ ಮೇಲಿರಲಿ. ಇಲ್ಲದಿದ್ದರೆ ರಿಂಗ್ ಬಿಗಿ ಮಾಡುವಾಗಲೇ ಡೈ ಒಂದೆರಡು ಥೌ ಸರಿದುಬಿಡುತ್ತದೆ.

ಪ್ರತಿ ಸಲ ಹಾರಿಸಿದ ಬೇರೊಂದು ಕೇಸ್‌ನಿಂದಲೇ ಪರೀಕ್ಷೆ ಮಾಡಿ ಅನ್ನುವವರಿದ್ದಾರೆ. ಒಂದೇ ಕೇಸನ್ನು ನಾಲ್ಕೈದು ಸಲ ಒತ್ತಿದರೂ ಹತ್ತಿರದ ಅಂದಾಜು ಸಿಗುತ್ತದೆ. ಕೊನೆಯಲ್ಲಿ ಮಾತ್ರ ಎರಡು ಮೂರು ಬೇರೆ ಕೇಸ್‌ಗಳಲ್ಲಿ ನೋಡಿ ಖಚಿತ ಮಾಡಿಕೊಳ್ಳಿ. ರ‍್ಯಾಮ್ ಮೇಲೆ ಹೋದಾಗ ಎರಡು ಮೂರು ಸೆಕೆಂಡ್ ಹಾಗೇ ಹಿಡಿದರೆ ಅಳತೆ ಒಂದರಿಂದ ಒಂದಕ್ಕೆ ಹೆಚ್ಚು ಸಮ ಬರುತ್ತದೆ. ನಾನು ಎಲ್ಲಾ ಕೇಸಿಗೂ ಹೀಗೇ ಮಾಡುತ್ತೇನೆ.

ಇಷ್ಟೆಲ್ಲಾ ಅಳೆದ ಮೇಲೂ ಕೊನೆಯ ಮಾತು ರೈಫಲ್‌ನದೇ. ಬೋಲ್ಟ್‌ನಿಂದ ಫೈರಿಂಗ್ ಪಿನ್ ಜೋಡಣೆ ತೆಗೆಯಿರಿ. ಕೇಸನ್ನು ಹೊರಗೆ ಚಿಮ್ಮಿಸುವ ಎಜೆಕ್ಟರ್ ಸ್ಪ್ರಿಂಗ್ ತೆಗೆಯಲು ಬಂದರೆ ಅದನ್ನೂ ತೆಗೆಯಿರಿ. ಸೈಜ್ ಮಾಡಿದ ಖಾಲಿ ಕೇಸ್ ಹಾಕಿ ಬೋಲ್ಟಿನ ಹಿಡಿಯನ್ನು ಬಿಟ್ಟುಬಿಡಿ. ಹಿಡಿ ತನ್ನ ಭಾರಕ್ಕೆ ತಾನೇ ಕೆಳಗೆ ಬಿದ್ದರೆ ಭುಜಕ್ಕೆ ಜಾಗ ಇದೆ. ನಡುವೆ ತಡೆದರೆ ಇನ್ನೊಂದು ಥೌ ಬೇಕು. ಕ್ಯಾಲಿಪರ್‌ಗಿಂತ ಈ ಪರೀಕ್ಷೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ಕೆಲವು ಪ್ರೆಸ್‌ಗಳಲ್ಲಿ ಡೈ ಶೆಲ್ ಹೋಲ್ಡರ್‌ಗೆ ತಾಗದೆ ನಿಂತರೆ ಅಳತೆ ಒಂದರಿಂದ ಒಂದಕ್ಕೆ ಓಡಾಡುತ್ತದೆ. ಅದಕ್ಕೆ ರೆಡ್ಡಿಂಗ್ ಕಂಪನಿಯ ಐದು ಶೆಲ್ ಹೋಲ್ಡರ್‌ಗಳ ಸೆಟ್ ಇದೆ. ಸಾದಾ ಹೋಲ್ಡರಿಗಿಂತ 2 ಥೌನಿಂದ 10 ಥೌವರೆಗೆ ಎತ್ತರ, ಎರಡೆರಡು ಥೌ ಏರಿಕೆಯಲ್ಲಿ. ಡೈ ಗಟ್ಟಿಯಾಗಿ ತಾಗಿಯೇ ಇರುತ್ತದೆ, ಹೋಲ್ಡರ್ ಬದಲಿಸಿ ಅಳತೆ ಬದಲಿಸುತ್ತೀರಿ. ಒಳ್ಳೆಯ ಉಪಾಯ. ಮೊದಲ ದಿನವೇ ಬೇಕು ಅಂತೇನಿಲ್ಲ.

ಇನ್ನು ನೀವು ಹೆಸರಿಸಿದ ಡೈಗಳಿಗೆ ಬರೋಣ.

ಬುಶಿಂಗ್ ಡೈ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಜನ ಇದಕ್ಕೇ ಮೊದಲು ಆಸೆಪಡುತ್ತಾರೆ. ಸಾದಾ ಡೈ ಕತ್ತನ್ನು ಬೇಕಾದ್ದಕ್ಕಿಂತ ಬಹಳ ಜಾಸ್ತಿ ಹಿಸುಕುತ್ತದೆ. ತೆಳು ಗೋಡೆಯ ಕೇಸ್ ಬಂದರೂ ಗುಂಡು ಗಟ್ಟಿಯಾಗಿ ನಿಲ್ಲಲಿ ಅಂತ ಹಾಗೆ ಮಾಡಿರುತ್ತಾರೆ. ಆಮೇಲೆ ಒಳಗಿನ ಎಕ್ಸ್‌ಪಾಂಡರ್ ಬಾಲ್ ಹಿಂದಕ್ಕೆ ಬರುವಾಗ ಕತ್ತನ್ನು ಮತ್ತೆ ಅಗಲ ಮಾಡುತ್ತದೆ. ಹಿಸುಕು, ಮತ್ತೆ ಹಿಗ್ಗಿಸು. ಹಿತ್ತಾಳೆಗೆ ಎರಡು ಸಲ ದಣಿವು. ಬುಶಿಂಗ್ ಡೈಯಲ್ಲಿ ಕತ್ತಿನ ಜಾಗಕ್ಕೆ ಬದಲಿಸಬಹುದಾದ ಉಕ್ಕಿನ ಉಂಗುರ ಇರುತ್ತದೆ. ಬೇಕಾದಷ್ಟೇ ಹಿಸುಕಬಹುದು.

ಅಳತೆ ಹೀಗೆ. ಗುಂಡು ಕೂರಿಸಿದ ತೋಟಾದ ಕತ್ತನ್ನು ಹೊರಗಿನಿಂದ ಅಳೆಯಿರಿ. ನಿಮಗೆ 0.336 ಇಂಚು ಬಂತು ಅನ್ನಿ. ಸೈಜ್ ಆದ ಕತ್ತು ಅದಕ್ಕಿಂತ 2 ಥೌ ಸಣ್ಣದಿರಬೇಕು, ಅಂದರೆ 0.334. ಹಿತ್ತಾಳೆ ಉಂಗುರದಿಂದ ಹೊರಬಂದ ಮೇಲೆ ಅರ್ಧದಿಂದ ಒಂದು ಥೌ ವಾಪಸ್ ಹಿಗ್ಗುತ್ತದೆ. ಆದ್ದರಿಂದ 0.333ರ ಬುಶಿಂಗ್ ತೆಗೆದುಕೊಳ್ಳಿ. ಜೊತೆಗೆ ಒಂದು ಥೌ ಆಚೀಚೆಯ ಇನ್ನೊಂದು ಇದ್ದರೆ ಒಳ್ಳೆಯದು. ಕೇಸ್ ಕಂಪನಿ ಬದಲಾದರೆ ಕತ್ತಿನ ಗೋಡೆಯ ದಪ್ಪವೂ ಬದಲಾಗುತ್ತದೆ, ಬುಶಿಂಗೂ ಬದಲಾಗಬೇಕು. ಇದೇ ಅದರ ತೊಂದರೆ. ಬೇರೆ ಬೇರೆ ಕಂಪನಿಯ ಕೇಸ್‌ಗಳನ್ನು ಬೆರೆಸಿ ಬಳಸುವವರಿಗೆ ಬುಶಿಂಗ್ ಡೈ ಉಪಯೋಗವಿಲ್ಲ. ಇನ್ನೊಂದು ವಿಷಯ: ಉಂಗುರ ಹೊರಗಿನಿಂದ ಒತ್ತುವುದರಿಂದ ಗೋಡೆಯ ಏರುಪೇರೆಲ್ಲ ಕತ್ತಿನ ಒಳಗೆ ಹೋಗುತ್ತದೆ. ಅದಕ್ಕೇ ಬುಶಿಂಗ್ ಬಳಸುವವರು ಕತ್ತನ್ನು ಹೊರಗಿನಿಂದ ಕೆತ್ತಿ ಸಮ ಮಾಡುತ್ತಾರೆ, ಇಲ್ಲವೇ ಕೊನೆಗೆ ಒಳಗಿನಿಂದ ಮ್ಯಾಂಡ್ರೆಲ್ ಅನ್ನುವ ಒಂದು ನಯವಾದ ಸರಳು ಹಾಯಿಸುತ್ತಾರೆ.

ನಿಮ್ಮ ಸಾದಾ ಡೈಯಲ್ಲೇ ಇದಕ್ಕೆ ಹತ್ತಿರದ ಫಲ ಸಿಗಬೇಕಾ? ಕತ್ತಿನ ಒಳಗೂ ಸ್ವಲ್ಪ ಲ್ಯೂಬ್ ಹಚ್ಚಿ. ರ‍್ಯಾಮ್ ಇಳಿಸುವಾಗ ಕಿರ್ ಅಂತ ಸದ್ದು ಬಂದರೆ ಒಳಗೆ ಒಣಗಿದೆ ಅಂತ ಅರ್ಥ. ಒಣ ಕತ್ತಿನಿಂದ ಎಕ್ಸ್‌ಪಾಂಡರ್ ಬಾಲ್ ಬರುವಾಗ ಕತ್ತನ್ನು ಎಳೆದು ವಾರೆ ಮಾಡುತ್ತದೆ, ಈಗತಾನೇ ಅಳೆದು ಕೂರಿಸಿದ ಭುಜವನ್ನೂ ಮುಂದಕ್ಕೆ ಎಳೆಯುತ್ತದೆ. 'ಅಳತೆ ಒಂದು ಸಲ ಒಂದು ಥರ ಬರುತ್ತದೆ' ಅಂತ ದೂರುವವರಲ್ಲಿ ಅರ್ಧ ಜನರ ಕಾಯಿಲೆ ಇದೇ. ಇನ್ನೂ ಒಳ್ಳೆಯ ದಾರಿ ಬೇಕೆಂದರೆ ಬಾಲ್ ತೆಗೆದಿಟ್ಟು, ಸೈಜ್ ಆದ ಮೇಲೆ ಬೇರೆ ಮ್ಯಾಂಡ್ರೆಲ್ ಡೈಯಿಂದ ಕತ್ತು ಸರಿ ಮಾಡಿ. ಖರ್ಚು ಕಡಿಮೆ, ಫಲ ಹೆಚ್ಚು. ನಾನು .308ಕ್ಕೆ ಹೀಗೆ ಮಾಡುತ್ತೇನೆ, ಬುಶಿಂಗ್ ಡೈ ಇದ್ದೂ ಸುಮ್ನೆ ಪೆಟ್ಟಿಗೆಯಲ್ಲಿದೆ.

ನೆಕ್ ಡೈಗಳಲ್ಲಿ ನನಗೆ ಮನಸ್ಸಿಗೆ ಒಪ್ಪಿದ್ದು ಒಂದೇ, ಲೀ ಕಂಪನಿಯ ಕಾಲೆಟ್ ಡೈ. ಅದು ಕತ್ತನ್ನು ಒಳಗಿನ ಸರಳಿನ ಮೇಲೆ ಸುತ್ತಲಿಂದ ಬೆರಳುಗಳ ಹಾಗೆ ಒತ್ತುತ್ತದೆ. ಎಳೆಯುವ ಬಾಲ್ ಇಲ್ಲ, ಲ್ಯೂಬ್ ಬೇಕಿಲ್ಲ, ಕತ್ತು ನೇರವಾಗಿ ಬರುತ್ತದೆ. ಬಾಡಿ ಡೈ ಜೊತೆ ಇದನ್ನು ಬಳಸಿದರೆ ಬಹಳ ಚೆನ್ನ. ಬಾಡಿ ಡೈ ಅಂದರೆ ಕತ್ತನ್ನು ಮುಟ್ಟದೆ ಮೈ ಮತ್ತು ಭುಜವನ್ನು ಮಾತ್ರ ಸೈಜ್ ಮಾಡುವುದು. ಎರಡು ಡೈ, ಎರಡು ಸಲ ಹಿಡಿ ಎಳೆಯಬೇಕು. ತಾಳ್ಮೆ ಇದ್ದವರಿಗೆ ಸರಿ.

ಈಗ ನಿಮ್ಮ .223. ಸೆಮಿ ಆಟೋಗೆ ನೆಕ್ ಡೈ ಮಾತೇ ಬೇಡ. ಅಲ್ಲಿ ಬೋಲ್ಟ್ ಮುಚ್ಚುವುದು ಸ್ಪ್ರಿಂಗ್. ನಿಮ್ಮ ಕೈಗೆ ಬಿಗಿ ಗೊತ್ತಾಗುವುದಿಲ್ಲ. ಉದ್ದದ ಕೇಸ್ ಬಂದರೆ ಬೋಲ್ಟ್ ಪೂರ್ತಿ ಮುಚ್ಚದೆ ನಿಲ್ಲಬಹುದು, ಸಿಕ್ಕಿಕೊಳ್ಳಬಹುದು. ಫೈರಿಂಗ್ ಪಿನ್‌ಗೆ ಸ್ಪ್ರಿಂಗ್ ಇಲ್ಲದ ಬಂದೂಕುಗಳಲ್ಲಿ ಪಿನ್ ತಾನೇ ಮುಂದಕ್ಕೆ ಹೋಗಿ ಪ್ರೈಮರನ್ನು ಮುಟ್ಟುತ್ತದೆ. ಬಿಗಿ ಕೇಸ್, ಎದ್ದು ನಿಂತ ಪ್ರೈಮರ್, ಸಡಿಲ ಪಿನ್, ಈ ಮೂರೂ ಒಟ್ಟಿಗೆ ಸೇರಬಾರದು. ಅದಕ್ಕೇ ಇಲ್ಲಿ 3ರಿಂದ 4 ಥೌ. ಮೇಲಾಗಿ ಸೆಮಿ ಆಟೋದಲ್ಲಿ ಒಳಗೆ ಇನ್ನೂ ಸ್ವಲ್ಪ ಒತ್ತಡ ಇರುವಾಗಲೇ ಕೇಸ್ ಹೊರಗೆ ಬರುತ್ತದೆ. ಹಾಗಾಗಿ ಹಾರಿದ ಕೇಸ್ ಚೇಂಬರಿಗಿಂತ ಕೊಂಚ ಉದ್ದವೇ ಇರಬಹುದು. ಹಾರಿದ ಕೇಸನ್ನು ಕಣ್ಣು ಮುಚ್ಚಿ ಆಧಾರ ಮಾಡಿಕೊಳ್ಳದೆ, ಚೇಂಬರಿನ ಆಕಾರಕ್ಕೆ ಕೊರೆದ ಒಂದು ಕೇಸ್ ಗೇಜ್ ಕೂಡ ಇಟ್ಟುಕೊಳ್ಳಿ. ಕೇಸ್ ಇಳಿಬಿಟ್ಟರೆ ಬುಡ ಗೇಜಿನ ಎರಡು ಮೆಟ್ಟಿಲುಗಳ ನಡುವೆ ನಿಲ್ಲಬೇಕು.

.223ಕ್ಕೂ ಸಾದಾ ಫುಲ್ ಲೆಂಗ್ತ್ ಡೈಯನ್ನೇ ಕೊಳ್ಳಿ. ಆರ್‌ಸಿಬಿಎಸ್, ಹಾರ್ನಡಿ, ಲೀ, ರೆಡ್ಡಿಂಗ್, ಫಾರ್ಸ್ಟರ್ ಯಾವುದಾದರೂ ಸರಿ. ಎಲ್ಲದರ ಥ್ರೆಡ್ ಒಂದೇ ಅಳತೆ, 7/8 ಇಂಚು, ಇಂಚಿಗೆ 14. ಸ್ಮಾಲ್ ಬೇಸ್ ಡೈ ಮೊದಲೇ ಕೊಳ್ಳಬೇಡಿ. ಅದು ಬುಡದ ಹತ್ತಿರ ಸಾದಾ ಡೈಗಿಂತ ಸ್ವಲ್ಪ ಹೆಚ್ಚು ಹಿಸುಕುತ್ತದೆ, ಕೇಸಿನ ಆಯುಷ್ಯ ಕಡಿಮೆ ಮಾಡುತ್ತದೆ. ಸಾದಾ ಡೈಯಿಂದ ಸರಿಯಾಗಿ ಸೈಜ್ ಮಾಡಿ, ಭುಜದ ಅಳತೆಯೂ ಸರಿ ಇದ್ದು, ಆದರೂ ಕೇಸ್ ಚೇಂಬರಿನಲ್ಲಿ ಸಿಕ್ಕಿಕೊಂಡರೆ ಮಾತ್ರ ಅದು ಬೇಕು. ಪರೀಕ್ಷೆ ಸುಲಭ: ಕೇಸಿನ ಮೈಗೂ ಭುಜಕ್ಕೂ ಮಾರ್ಕರ್ ಬಳಿದು ಚೇಂಬರಿಗೆ ಹಾಕಿ ತೆಗೆಯಿರಿ. ಬಣ್ಣ ಬುಡದ ಹತ್ತಿರ ಉಜ್ಜಿದ್ದರೆ ಸ್ಮಾಲ್ ಬೇಸ್, ಭುಜದಲ್ಲಿ ಉಜ್ಜಿದ್ದರೆ ಡೈ ಇನ್ನೂ ಇಳಿಸಬೇಕು.

ಬೇರೆಯವರು ಹಾರಿಸಿ ಬಿಟ್ಟ .223 ಕೇಸ್ ಸಿಕ್ಕರೆ, ಅದು ಯಾವ ಚೇಂಬರಿನಿಂದ ಬಂದದ್ದೋ ಗೊತ್ತಿರುವುದಿಲ್ಲ. ಮೊದಲ ಸಲ ಪೂರ್ತಿ ಫುಲ್ ಲೆಂಗ್ತ್ ಮಾಡಿ ಗೇಜ್‌ಗೆ ಹಾಕಿ ನೋಡಿ. ಮಿಲಿಟರಿ ಕೇಸ್ ಆದರೆ ಪ್ರೈಮರ್ ಸುತ್ತ ಕ್ರಿಂಪ್, ಅಂದರೆ ಒಳಕ್ಕೆ ಒತ್ತಿದ ಅಂಚು, ಇರುತ್ತದೆ, ಅದನ್ನು ತೆಗೆಯದೆ ಹೊಸ ಪ್ರೈಮರ್ ಕೂರುವುದಿಲ್ಲ. ಒಳಗೆ ಬೆಳಕು ಬಿಟ್ಟು ನೋಡಿ. ತಳದಲ್ಲಿ ಒಂದರ ಬದಲು ಎರಡು ಸಣ್ಣ ತೂತು ಇದ್ದರೆ ಅದು ಬರ್ಡನ್ ಕೇಸ್. ಡೈಗೆ ಹಾಕಿದರೆ ಡಿಕ್ಯಾಪಿಂಗ್ ಪಿನ್ ಮುರಿಯುತ್ತದೆ.

'ಕಾರ್ಬೈಡ್ ಡೈ ತಗೊಂಡರೆ ಲ್ಯೂಬ್ ಬೇಡ' ಅನ್ನುವ ಮಾತು ಪಿಸ್ತೂಲಿನ ನೇರ ಮೈ ಕೇಸ್‌ಗಳಿಗೆ ಸರಿ. ರೈಫಲ್‌ನ ಭುಜವಿರುವ ಕೇಸ್‌ಗಳಿಗೆ ಕಾರ್ಬೈಡ್ ಆದರೂ ಲ್ಯೂಬ್ ಬೇಕೇ ಬೇಕು. ಒಣ ಕೇಸ್ ಡೈಯಲ್ಲಿ ಕಚ್ಚಿಕೊಂಡರೆ ಬುಡಕ್ಕೆ ತೂತು ಕೊರೆದು, ಥ್ರೆಡ್ ಹಾಕಿ, ಒಂದು ಸ್ಕ್ರೂ ಹಾಕಿ ಎಳೆಯಬೇಕಾಗುತ್ತದೆ. ಮೈಯ ಕೆಳಭಾಗಕ್ಕೆ ಚೆನ್ನಾಗಿ ಹಚ್ಚಿ, ಭುಜಕ್ಕೆ ಹಚ್ಚಬೇಡಿ. ಭುಜದ ಮೇಲೆ ಲ್ಯೂಬ್ ನಿಂತರೆ ಅಲ್ಲಿ ತಗ್ಗು ಬೀಳುತ್ತದೆ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಒರೆಸಿ. ಸೈಜ್ ಆದಾಗ ಕೇಸ್ ಉದ್ದವೂ ಆಗುವುದರಿಂದ ಆಮೇಲೆ ಒಟ್ಟು ಉದ್ದ ಅಳೆಯಿರಿ. .308ಕ್ಕೆ 2.015 ಇಂಚು, .223ಕ್ಕೆ 1.760 ಇಂಚು ಮೀರಬಾರದು. ಮೀರಿದರೆ 10 ಥೌ ಕಡಿಮೆಗೆ ಕತ್ತರಿಸಿ. ಕತ್ತು ಉದ್ದವಾಗಿ ಚೇಂಬರಿನ ತುದಿಗೆ ಒತ್ತಿಕೊಂಡರೆ ಗುಂಡು ಸಡಿಲವಾಗಿ ಬಿಡುಗಡೆ ಆಗುವುದಿಲ್ಲ, ಒತ್ತಡ ಏರುತ್ತದೆ.

ಹಿತ್ತಾಳೆ ಗಡುಸಾಗುತ್ತಾ ಹೋದಂತೆ ಅದೇ ಡೈ, ಅದೇ ಸೆಟ್ಟಿಂಗ್‌ನಲ್ಲಿ ಭುಜ ಮೊದಲಿನಷ್ಟು ಹಿಂದೆ ನಿಲ್ಲುವುದಿಲ್ಲ. ಆದ್ದರಿಂದ ಪ್ರತಿ ಬಾರಿ ಶುರು ಮಾಡುವಾಗ ಐದು ಕೇಸ್ ಅಳೆಯಿರಿ. ಕತ್ತು ಮತ್ತು ಭುಜವನ್ನು ಆಗಾಗ ಅನೀಲ್ ಮಾಡುವವರಿಗೆ, ಅಂದರೆ ಕಾಯಿಸಿ ಮೆದು ಮಾಡುವವರಿಗೆ, ಈ ಏರುಪೇರು ಕಡಿಮೆ.

ಇನ್ನು ನಿಮ್ಮ 40 ಕೇಸ್. ಅವುಗಳನ್ನು ಬಲವಂತವಾಗಿ ಬೋಲ್ಟ್ ಒತ್ತಿ ಹಾರಿಸಬೇಡಿ. ಮದ್ದು, ಗುಂಡು ತುಂಬಿಯಾಗಿದ್ದರೆ ಬುಲೆಟ್ ಪುಲ್ಲರ್‌ನಿಂದ ಬಿಡಿಸಿ, ಮದ್ದು ತೆಗೆಯಿರಿ. ಖಾಲಿ ಇದ್ದರೆ ಈಗಲೇ ಕೆಲಸ ಶುರು ಮಾಡಬಹುದು. ಪೇಪರ್ ಕ್ಲಿಪ್ ನೇರ ಮಾಡಿ, ತುದಿಯನ್ನು ಸಣ್ಣದಾಗಿ ಬಗ್ಗಿಸಿ, ಕೇಸ್ ಒಳಗೆ ಇಳಿಸಿ. ತಳದಿಂದ ಮೇಲಕ್ಕೆ ಗೋಡೆಗೆ ಒತ್ತಿ ಎಳೆಯಿರಿ. ಬುಡದ ಸ್ವಲ್ಪ ಮೇಲೆ ತುದಿ ಒಂದು ಹಳ್ಳಕ್ಕೆ ಬಿದ್ದು ತಡೆದ ಹಾಗಾದರೆ ಅದು ಒಡೆಯಲು ಸಿದ್ಧವಾದ ಕೇಸ್. ಹೊರಗೆ ಅದೇ ಜಾಗದಲ್ಲಿ ಹೊಳೆಯುವ ಉಂಗುರ ಕಾಣಿಸಬಹುದು. ನೀವು ಇದಕ್ಕೂ ಮೊದಲು ಡೈಯನ್ನು ಪೂರ್ತಿ ಕೆಳಗೆ ಇಟ್ಟು ಸೈಜ್ ಮಾಡಿರಬಹುದು, ಹಾಗಾಗಿ ಈ ಪರೀಕ್ಷೆಯನ್ನು ಬಿಡಲೇಬೇಡಿ, ನಲವತ್ತಕ್ಕೂ ಮಾಡಿ. ಹಳ್ಳ ಇದ್ದದ್ದನ್ನು ಇಕ್ಕಳದಿಂದ ಬಾಯಿ ಚಪ್ಪಟೆ ಮಾಡಿ ಗುಜರಿ ಡಬ್ಬಿಗೆ ಹಾಕಿ, ಮತ್ತೆ ಯಾರ ಕೈಗೂ ಸಿಕ್ಕಿ ತುಂಬಿಸಿಕೊಳ್ಳದ ಹಾಗೆ. ಉಳಿದವಕ್ಕೆ ಲ್ಯೂಬ್ ಹಚ್ಚಿ, ನಿಮ್ಮ ಅದೇ ಹಳೆಯ ಡೈಯನ್ನು ಮೇಲೆ ಹೇಳಿದಂತೆ ಕೂರಿಸಿ, ಹಾರಿಸಿದ ಕೇಸಿನ ಅಳತೆಗಿಂತ 2 ಥೌ ಕಡಿಮೆಗೆ ತನ್ನಿ. ಬೋಲ್ಟ್ ಹಿಡಿ ತಾನೇ ಬಿದ್ದರೆ ಅವು ಮತ್ತೆ ತುಂಬಲು ಯೋಗ್ಯ.